ಆಲೀಸಮ್ಮಚ್ಚಿಯ ತಕರಾರು

ನನಗೆ ಕಾಯ್ದೆಗಳೆಂದರೆ ಹುಚ್ಚು. ನನ್ನ ವಯಸ್ಸಿನ ಹುಡುಗಿಯರು ಸಿನಿಮಾ ನಟರ ಹುಟ್ಟುಹಬ್ಬ ನೆನಪಿಟ್ಟುಕೊಂಡರೆ ನಾನು ಕಾಯ್ದೆಗಳು ಹುಟ್ಟಿದ ವರ್ಷ ನೆನಪಿಟ್ಟುಕೊಳ್ಳುತ್ತೇನೆ. ದೇಶ ಸ್ವತಂತ್ರವಾಗಿ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದಾಗ ಸಂವಿಧಾನ ಬಂತು. ಅದರ ಹಿಂದೆಯೇ, ಜಾತಿ ಧರ್ಮ ಏನೇ ಇರಲಿ ಸರ್ಕಾರದ ಮುಂದೆ ನಿಂತು ಮದುವೆಯಾಗಬಹುದು ಎಂಬ ವಿಶೇಷ ವಿವಾಹ ಕಾಯ್ದೆ ಬಂತು. ಆಮೇಲೆ ರಾಜ್ಯಗಳನ್ನು ಕತ್ತರಿಸಿ ಹೊಲಿದರು, ಉಳುವವನಿಗೆ ಭೂಮಿ ಎಂದರು, ಹದಿನೆಂಟಕ್ಕೇ ಓಟು ಕೊಟ್ಟರು, ಪಂಚಾಯತಿನಲ್ಲಿ ಹೆಂಗಸರಿಗೆ ಕುರ್ಚಿ ಇಟ್ಟರು. ಇದನ್ನೆಲ್ಲ ಹೇಳಲು ಶುರು ಮಾಡಿದರೆ ನನಗೆ ನಿಲ್ಲಿಸಲು ಆಗುವುದಿಲ್ಲ. ಕಡಬದಿಂದ ಪುತ್ತೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಎಷ್ಟೇ ರಷ್ ಇದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುವುದು ಇದೇ ಕಾರಣಕ್ಕೆ.

ನನ್ನ ಹೆಸರು ಮುಫೀದಾ. ಕಡಬದಲ್ಲಿ ಕಾಳುಮೆಣಸು, ಅಡಿಕೆ ವ್ಯಾಪಾರ ಮಾಡುವ ಪೋಕರ್ ಅವರ ಮಗಳು. ಪುತ್ತೂರಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಫೈಲು ಹೊತ್ತು ಹೊತ್ತು ಭುಜ ಒಂದು ಕಡೆಗೆ ವಾಲಿದ ಮೇಲೆ ನನಗೆ ನನ್ನದೇ ಎನ್ನಬಹುದಾದ ಮೊದಲ ಕೇಸು ಸಿಕ್ಕಿತು. ಅದು ಕೇಸು ಕೂಡ ಅಲ್ಲ, ಒಂದು ಮದುವೆ ನೋಂದಣಿ. ಗಂಡು ಹೆಣ್ಣು ಇಬ್ಬರೂ ನಮ್ಮ ನೆರೆಮನೆಯವರು, ಅವರ ಮದುವೆಯಾಗಿ ಐವತ್ತು ವರ್ಷ. ಇದರಲ್ಲಿ ಎಡವಲು ಏನಿದೆ ಎಂದು ನಮ್ಮ ಸೀನಿಯರ್ ನಕ್ಕಿದ್ದರು. ನೋಟಿಸು ಅಂಟಿಸಿದ ಮುಂದಿನ ವಾರವೇ ಮದುಮಗಳು ತನ್ನ ಮದುವೆಗೆ ತಾನೇ ತಕರಾರು ಹಾಕಿದರು.

ಮೊದಲಿನಿಂದ ಹೇಳುತ್ತೇನೆ. ಮದುಮಗ ಔಸೇಪ್ ಅಪ್ಪಚ್ಚ. ಅಪ್ಪಚ್ಚ ಎಂದರೆ ಅವರ ಮಲಯಾಳದಲ್ಲಿ ಅಜ್ಜ. ಅವರು ಹುಟ್ಟಿದ್ದು ತಿರುವಾಂಕೂರು ಎಂಬ ರಾಜರ ಸೀಮೆಯಲ್ಲಿ. ಅವರು ಅಂಬೆಗಾಲಿಡುವಾಗ ಅದು ತಿರು–ಕೊಚ್ಚಿ ಆಯಿತು. ಅಪ್ಪನ ಕೈಹಿಡಿದುಕೊಂಡು ಕಡಬದ ಕಾಡಿಗೆ ಬಂದಾಗ ಇದು ಮದ್ರಾಸು. ನೆಟ್ಟ ಮರಗೆಣಸು ಕಿತ್ತು ತಿನ್ನುವಷ್ಟರಲ್ಲಿ ಮೈಸೂರು. ಅವರು ಮದುವೆಯಾದದ್ದು ಒಂದು ಸೋಮವಾರ. ಅದೇ ವಾರ ಗುರುವಾರ ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಹೊರಗೆ ಕರ್ನಾಟಕ. ಕೂತಲ್ಲೇ ಕೂತು ಇಷ್ಟು ರಾಜ್ಯ ಸುತ್ತಿದವರು ತಾಲೂಕಿನಲ್ಲೇ ಯಾರೂ ಇಲ್ಲ ಎಂದು ಅವರು ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ತಾಲೂಕು ಕೂಡ ಈಚೆಗೆ ಪುತ್ತೂರು ಹೋಗಿ ಕಡಬ ಆಯಿತಲ್ಲ, ಅದನ್ನೂ ಅವರು ತಮ್ಮ ಲೆಕ್ಕಕ್ಕೇ ಸೇರಿಸಿಕೊಂಡಿದ್ದಾರೆ.

ಕರ್ನಾಟಕ ಎಂಬ ಹೆಸರಿಗೆ ಐವತ್ತು ತುಂಬಿದ ಆ ವರ್ಷ ಕಡಬದ ನಮ್ಮ ಯುವಕ ಮಂಡಲಕ್ಕೆ ಒಂದು ಉಮೇದು ಬಂತು. ರಾಜ್ಯಕ್ಕೆ ಹೆಸರಿಟ್ಟ ವರ್ಷವೇ ಮದುವೆಯಾದ ಜೋಡಿಗಳನ್ನು ನವೆಂಬರ್ ಒಂದರಂದು ವೇದಿಕೆಗೆ ಕರೆದು ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಡುವುದು. ಮಂಡಲದ ಕಾರ್ಯದರ್ಶಿ ಬೋಜಣ್ಣ ಸುದ್ದಿ ಹಬ್ಬಿಸಿದ್ದೇ ತಡ, ಒಂದು ಜೋಡಿ ಓಡಿಬಂದು ಹೆಸರು ಬರೆಸಿತು. ಆದರೆ ಅವರ ಮದುವೆಯ ಊಟಕ್ಕೆ, ರಾಜ್ಯಕ್ಕೆ ಹೆಸರಿಟ್ಟಾಗ ತೊಟ್ಟಿಲಲ್ಲಿದ್ದ ಬೋಜಣ್ಣನೇ ಮೀಸೆ ಬಂದ ಮೇಲೆ ಹೋಗಿ ಸಾರು ಬಡಿಸಿದ್ದರು. ಅಲ್ಲಿಂದ ಅವರು ಕಟ್ಟುನಿಟ್ಟಾದರು. ಇಗರ್ಜಿಯ ಕಾಗದ ಬೇಡ, ದೇವಸ್ಥಾನದ ಚೀಟಿ ಬೇಡ, ಸರ್ಕಾರದ ಸೀಲು ಇರುವ ಮದುವೆ ಪತ್ರ ತಂದವರಿಗೆ ಮಾತ್ರ ಶಾಲು ಎಂದುಬಿಟ್ಟರು.

ಔಸೇಪ್ ಅಪ್ಪಚ್ಚನಿಗೆ ಶಾಲಿನ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದರ ಹಿಂದೆ ಇನ್ನೊಂದಿತ್ತು. ಎಪ್ಪತ್ತೈದು ದಾಟಿದರೂ ಸಂತೆಯಲ್ಲಿ ಅವರನ್ನು ಇವತ್ತಿಗೂ ಕೇರಳದವರು ಎಂದೇ ಕರೆಯುತ್ತಾರೆ. ನಮ್ಮ ಉಪ್ಪನ, ಎಂದರೆ ಅಪ್ಪನ, ಅಂಗಡಿಯ ಬೆಂಚಿನಲ್ಲಿ ಕುಳಿತು ಅವರು ಒಮ್ಮೆ ಸಿಟ್ಟಿನಿಂದಲೇ ಹೇಳಿದ್ದರು.

"ಕರ್ನಾಟಕ ಬರುವ ಮೊದಲೇ ಇಲ್ಲಿಗೆ ಬಂದವ ನಾನು. ಹೊರಗಿನವ ನಾನಾ, ಕರ್ನಾಟಕವಾ?"

ಹಾಗಾಗಿ ಆ ವೇದಿಕೆ ಅವರಿಗೆ ಬೇಕೇ ಬೇಕಿತ್ತು. ಒಂದು ಬೆಳಿಗ್ಗೆ ಹೆಂಡತಿ ಆಲೀಸಮ್ಮಚ್ಚಿಗೆ, ಅಮ್ಮಚ್ಚಿ ಎಂದರೆ ಅಜ್ಜಿ, ಒಳ್ಳೆಯ ಸೀರೆ ಉಡಲು ಹೇಳಿ, ನಮ್ಮ ಉಪ್ಪನನ್ನು ಸಾಕ್ಷಿಗೆ ಕೂರಿಸಿಕೊಂಡು, ಜೀಪಿನಲ್ಲಿ ಪುತ್ತೂರಿಗೆ ಬಂದರು. ಮದುವೆ ನೋಂದಣಿಗೆ ಬೇರೆ ಸುಲಭದ ದಾರಿಯೂ ಇದೆ. ಸೀನಿಯರ್ ಅದನ್ನೇ ಹಿಡಿಯಲು ಹೇಳಿದ್ದರು. ನಾನು ಕೇಳಬೇಕಲ್ಲ. ನನ್ನ ಮೊದಲ ಕೆಲಸ ನನ್ನ ಪ್ರೀತಿಯ ಐವತ್ತನಾಲ್ಕರ ವಿಶೇಷ ವಿವಾಹ ಕಾಯ್ದೆಯಲ್ಲೇ ಆಗಬೇಕು ಎಂದು ಹಟ ಹಿಡಿದೆ. ಹಿಂದೆ ಯಾವ ಶಾಸ್ತ್ರದಲ್ಲಿ ಆದ ಮದುವೆಯನ್ನೂ ಅದರಡಿ ನೋಂದಾಯಿಸಬಹುದು, ಒಂದು ತಿಂಗಳು ನೋಟಿಸು ಅಂಟಿಸಿಡಬೇಕು ಅಷ್ಟೇ. ನವೆಂಬರಿಗೆ ಬೇಕಾದಷ್ಟು ಸಮಯವಿತ್ತು. ಅಪ್ಪಚ್ಚ ಸಹಿ ಹಾಕಿದರು. ಇಲ್ಲಿ ಒಂದು ಸಹಿ ಹಾಕು ಎಂದು ಅಮ್ಮಚ್ಚಿಗೆ ತೋರಿಸಿದರು, ಅವರೂ ಹಾಕಿದರು. ನೋಂದಣಿ ಕಚೇರಿಯ ಬೋರ್ಡಿನಲ್ಲಿ ಇಬ್ಬರ ಫೋಟೊ ಸಮೇತ ನೋಟಿಸು ಏರಿತು.

ಅಮ್ಮಚ್ಚಿ ಕನ್ನಡಕ ಹಾಕಿಕೊಂಡು ಅದನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಈ ವಿವಾಹಕ್ಕೆ ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸತಕ್ಕದ್ದು ಎಂಬಲ್ಲಿ ಬೆರಳಿಟ್ಟು, ಯಾರಾದರೂ ಎಂದರೆ ಯಾರು ಎಂದು ನನ್ನನ್ನು ಕೇಳಿದರು. ಅಷ್ಟು ಸಾಕಾಯಿತು ನನಗೆ. ಯಾರು ಬೇಕಾದರೂ ಅಮ್ಮಚ್ಚಿ, ಅದೇ ಈ ಕಾಯ್ದೆಯ ಚಂದ, ಈ ದೇಶದ ಯಾವ ವ್ಯಕ್ತಿಯೂ ಬಂದು ಆಕ್ಷೇಪ ಹೇಳಬಹುದು, ಅವನು ಎಷ್ಟೇ ಸಣ್ಣವನಿರಲಿ ಸರ್ಕಾರ ಕಿವಿಗೊಡಲೇಬೇಕು ಎಂದು ಒಂದು ಸಣ್ಣ ಭಾಷಣವನ್ನೇ ಬಿಗಿದೆ. ಅವರು ಬಹಳ ಗಮನಕೊಟ್ಟು ಕೇಳಿಸಿಕೊಂಡರು. ನನ್ನ ಮಾತನ್ನು ಅಷ್ಟು ಗಮನಕೊಟ್ಟು ಯಾರೂ ಕೇಳಿದ್ದಿಲ್ಲವಾದ್ದರಿಂದ ನನಗೆ ಸಂತೋಷವೇ ಆಯಿತು.

ಮುಂದಿನ ವಾರ ನೋಂದಣಾಧಿಕಾರಿಯ ಫೋನು ಬಂತು. ಅವರು ವಿಜಯಪುರ ಕಡೆಯವರು, ಇಲ್ಲಿಗೆ ವರ್ಗವಾಗಿ ಬಂದು ನಮ್ಮ ಕುಚ್ಚಲಕ್ಕಿ ಅನ್ನಕ್ಕೆ ಇನ್ನೂ ಒಗ್ಗದೆ ಒದ್ದಾಡುತ್ತಿದ್ದ ಸಾಧು ಮನುಷ್ಯ. "ಮೇಡಂ, ನಿಮ್ಮ ಪಾರ್ಟಿನ ಬಂದು ತಕರಾರು ಕೊಟ್ಟು ಹೋಗ್ಯಾರ್ರೀ. ಇಂಥಾದ್ದು ನನ್ನ ಸರ್ವಿಸ್‌ನ್ಯಾಗ ನೋಡಿಲ್ಲ" ಎಂದರು. ಓಡಿಹೋಗಿ ನೋಡಿದರೆ ದುಂಡಗಿನ ಅಕ್ಷರದಲ್ಲಿ ಅಮ್ಮಚ್ಚಿಯೇ ಬರೆದದ್ದು. ಔಸೇಪ್ ಎಂಬವರ ಹೆಂಡತಿ ಎನ್ನಲಾಗುವ ಆಲೀಸ್ ಎಂಬವಳಾದ ನನ್ನನ್ನು ಈ ಮದುವೆಗೆ ಒಪ್ಪಿಗೆ ಉಂಟಾ ಎಂದು ಯಾರೂ ಕೇಳಿರುವುದಿಲ್ಲ. ಕೇಳಿದರೆ ಯೋಚಿಸಿ ಹೇಳುತ್ತೇನೆ. ಅಷ್ಟೇ. ಕೆಳಗೆ ಸಹಿ.

ಬಸ್ಸಿಳಿದು ನಾನು ನಮ್ಮ ಮನೆಗೆ ಹೋಗದೆ ನೇರ ಅವರ ಮನೆಗೇ ಹೋದೆ. ಅಮ್ಮಚ್ಚಿ ರಬ್ಬರ್ ಶೀಟುಗಳನ್ನು ಬಿದಿರಿನ ಗಳುವಿಗೆ ಹಾಕುತ್ತಿದ್ದರು. ಕೋಪವೇನೂ ಇದ್ದಂತೆ ಕಾಣಲಿಲ್ಲ. ಶೀಟಿನ ಇನ್ನೊಂದು ತುದಿ ಹಿಡಿದುಕೊಳ್ಳಲು ನನಗೆ ಹೇಳಿ, ಕಥೆ ಶುರು ಮಾಡಿದರು.

ಅವರ ಪದ್ಧತಿಯಲ್ಲಿ ಮದುವೆಗೆ ಮುಂಚೆ ಮನಸ್ಸಮ್ಮತ ಎಂಬ ಶಾಸ್ತ್ರವಿದೆ. ಹುಡುಗಿಯ ಊರಿನ ಇಗರ್ಜಿಗೆ ಹುಡುಗನ ಕಡೆಯವರು ಹೋಗಬೇಕು, ಪಾದ್ರಿ ಇಬ್ಬರನ್ನೂ ಎದುರು ನಿಲ್ಲಿಸಿ ನಿನಗೆ ಒಪ್ಪಿಗೆಯೇ, ನಿನಗೆ ಒಪ್ಪಿಗೆಯೇ ಎಂದು ಕೇಳಬೇಕು. ಆದರೆ ಕಡಬಕ್ಕೆ ಬಂದು ನೆಲೆನಿಂತವರಿಗೆ ಆಗ ಹೆಣ್ಣು ತರಲು ಕೇರಳದ ಪಾಲಾಯಿಗೆ ಹೋಗಿಬರುವುದೆಂದರೆ ಬಸ್ಸು, ರೈಲು, ಮತ್ತೆ ಬಸ್ಸು, ಮಧ್ಯೆ ಹೊಳೆ. ಮನಸ್ಸಮ್ಮತಕ್ಕೆ ಒಮ್ಮೆ, ಹೆಣ್ಣು ಕರೆದುಕೊಂಡು ಬರಲು ಇನ್ನೊಮ್ಮೆ ಯಾರು ಅಲೆಯುವುದು ಎಂದು ಈ ಕಡೆಯ ಅಪ್ಪಂದಿರೆಲ್ಲ ಒಂದು ಒಳದಾರಿ ಕಂಡುಕೊಂಡಿದ್ದರು. ಹೆಣ್ಣಿನ ಮನೆಯ ಜಗಲಿಯಲ್ಲಿ ಮರಗೆಣಸು ಮೀನುಸಾರು ತಿಂದು, ಇಬ್ಬರು ಅಪ್ಪಂದಿರು ಪರಸ್ಪರ ಒಪ್ಪಿ, ಅದನ್ನೇ ಮನಸ್ಸಮ್ಮತ ಎಂದು ಲೆಕ್ಕ ಹಿಡಿದು, ಹೆಣ್ಣನ್ನು ಅದೇ ಸಲ ಕರೆತರುವುದು. ಆಲೀಸಮ್ಮಚ್ಚಿಯದ್ದು ಹಾಗೆ ಆಯಿತು. ಅವರು ಆಗ ಅಡುಗೆಮನೆಯಲ್ಲಿ ಆ ಮೀನಿಗೇ ಹುಳಿ ಹಾಕುತ್ತಿದ್ದರಂತೆ.

ಹಾಗಾದರೆ ಮದುವೆಯ ದಿನವಾದರೂ ಪಾದ್ರಿ ಕೇಳಿರಬೇಕಲ್ಲ ಎಂದು ನಾನು ಪಾಯಿಂಟು ಹಾಕಿದೆ. ಕೇಳಿದ್ದರು. ಇಲ್ಲಿ ಗುಡ್ಡದ ಮೇಲೆ ಹುಲ್ಲು ಹೊದೆಸಿದ ಇಗರ್ಜಿಯಲ್ಲಿ ಕೇಳಿದ್ದರು. ಆದರೆ ಅವರ ಮನೆತನದಲ್ಲಿ ಹುಡುಗಿಯರು ಆ ಹೊತ್ತಿನಲ್ಲಿ ಬಾಯಿಬಿಡಬಾರದು, ತಲೆ ಬಗ್ಗಿಸಿದರೆ ಸಾಕು. ಹುಡುಗಿ ನಾಚಿ ಬಗ್ಗಿಸದೆ ಇದ್ದರೆ ಎಂದು ಹಿಂದೆ ಒಬ್ಬ ಸೋದರತ್ತೆ ನಿಂತಿರುತ್ತಾಳೆ.

"ಬಗ್ಗಿದ್ದು ನನ್ನ ತಲೆ ಹೌದು. ಬಗ್ಗಿಸಿದ್ದು ಅತ್ತೆಯ ಕೈ" ಎಂದರು ಅಮ್ಮಚ್ಚಿ.

ನನಗೆ ತಡೆಯಲಾರದ ನಗು ಬಂತು. ಅವರೂ ನಕ್ಕರು. ಶೀಟು ಇಬ್ಬರ ಕೈಯಲ್ಲೂ ಕುಣಿಯತೊಡಗಿತು. ಆ ಮೇಲೆಯೂ ತನ್ನನ್ನು ಯಾರೂ ಯಾವುದಕ್ಕೂ ಕೇಳಿದ್ದಿಲ್ಲ ಎಂದು ಅವರು ಹೇಳುತ್ತಾ ಹೋದರು. ಮೈಸೂರು ರಾಜ್ಯಕ್ಕೆ ಸೊಸೆಯಾಗಿ ಬಂದೆ, ಪೆಟ್ಟಿಗೆ ಬಿಚ್ಚುವ ಮೊದಲೇ ಕರ್ನಾಟಕ ಅಂದರು, ಯಾರೂ ಕೇಳಲಿಲ್ಲ. ಹೆಂಗಸರಿಗೆ ಪಂಚಾಯತಿನಲ್ಲಿ ಮೀಸಲಾತಿ ಬಂತು, ಒಂದು ದಿನ ಇವರು ಬಂದು ಇಲ್ಲಿ ಒಂದು ಸಹಿ ಹಾಕು ಅಂದರು, ಹಾಕಿದೆ, ಮರುದಿನ ನೋಡಿದರೆ ನಾನು ಎಲೆಕ್ಷನ್‌ಗೆ ನಿಂತಿದ್ದೇನೆ. ಗೆದ್ದೂ ಬಿಟ್ಟೆ. ನಾನು ಗೆದ್ದದ್ದೂ ಮೊದಲು ಗೊತ್ತಾದದ್ದು ಇವರಿಗೇ. ಸ್ವಾತಂತ್ರ್ಯ ಕೊಟ್ಟದ್ದು ಒಳ್ಳೆಯದೇ, ಆದರೆ ಅದನ್ನು ಕೊಡುವಾಗಲೂ ಬೇಕಾ ಎಂದು ಒಂದು ಮಾತು ಕೇಳಬಾರದೇ ಎಂದು ಅವರ ವಾದ. ಆ ಐದು ವರ್ಷ ಅವರು ಆ ಕುರ್ಚಿಯಲ್ಲಿ ಸುಮ್ಮನೆ ಕೂರಲಿಲ್ಲ ಎನ್ನುವುದಕ್ಕೆ ನಮ್ಮ ಮನೆಯ ಮುಂದಿನ ಕಾಂಕ್ರೀಟು ರಸ್ತೆಯೇ ಸಾಕ್ಷಿ.

ಇಷ್ಟೂ ತಮಾಷೆಯಾಗಿಯೇ ಇತ್ತು. ಇದೊಂದು ಹುಸಿಮುನಿಸು, ಅಪ್ಪಚ್ಚ ಬಂದು ಒಂದು ಮಾತು ಕೇಳಿದರೆ ಮುಗಿಯಿತು, ಹೌದು ಎನ್ನುತ್ತೀರಲ್ಲ ಎಂದು ನಾನು ಹೊರಡಲು ಅನುವಾದೆ. ಅವರು ಕೈಯಲ್ಲಿದ್ದ ಶೀಟನ್ನು ಗಳುವಿನ ಮೇಲೆ ಸಮ ಮಾಡಿ, ನನ್ನನ್ನು ನೋಡಿ, ಮಗಳನ್ನು ಕರೆಯುವಂತೆ ಮೋಳೆ ಎಂದು ಕರೆದರು.

"ಆಗ ನಂಗೆ ನರ್ಸಿಂಗಿಗೆ ಸೀಟು ಸಿಕ್ಕಿತ್ತು ಮೋಳೆ. ನಮ್ಮ ಊರಿನ ಹುಡುಗಿಯರು ಕಲಿತು ಜರ್ಮನಿಗೆ ಹೋಗ್ತಾ ಇದ್ರು. ಆಗ ಕೇಳಿದ್ರೆ ಇಲ್ಲ ಅಂತಿದ್ದೆ, ಅದು ಗ್ಯಾರಂಟಿ. ಈಗ ಕೇಳಿದ್ರೆ ಎಂತ ಹೇಳ್ತೇನೆ ಅಂತ ನಂಗೇ ಗೊತ್ತಿಲ್ಲ. ಅದು ಗೊತ್ತಾಗ್ಬೇಕು ನಂಗೆ."

ಮಕ್ಕಳು, ಮೊಮ್ಮಕ್ಕಳು, ರಬ್ಬರು ಎಲ್ಲವನ್ನೂ ಸಾಕಿದ ಈ ಹೆಂಗಸು ಇಲ್ಲ ಎಂದರೂ ಎಂದಾರು ಎಂದು ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು. ವಕೀಲಳಾಗಿ ಅಲ್ಲ, ನೆರೆಮನೆಯ ಹುಡುಗಿಯಾಗಿ ಹೆದರಿಕೆಯಾಯಿತು.

ಅಪ್ಪಚ್ಚನಿಗೆ ತಕರಾರಿನ ವಿಷಯವನ್ನಷ್ಟೇ ತಿಳಿಸಿದೆ. ನರ್ಸಿಂಗು, ಜರ್ಮನಿ ಹೇಳಲಿಲ್ಲ, ಅದು ಕಕ್ಷಿದಾರರ ಗುಟ್ಟು. ಅವರು ಒಮ್ಮೆ ಗಟ್ಟಿಯಾಗಿ ನಕ್ಕರು. ನಾನು ನಗದೆ ಇದ್ದದ್ದು ನೋಡಿ ನಿಲ್ಲಿಸಿದರು. ಕೇಳಿಬಿಡಿ ಅಪ್ಪಚ್ಚ, ಒಂದು ಮಾತು ಎಂದೆ. ಅಷ್ಟೇ ಅಲ್ವಾ ಎಂದರು. ಅಷ್ಟೇ ಎಂದೆ. ಆ ಒಂದು ಮಾತಿನ ಹಿಂದೆ ಕಡಬ ಇಡೀ ಒಂದು ತಿಂಗಳು ಕುಣಿಯಿತು.

ಏಕೆಂದರೆ ಔಸೇಪ್ ಅಪ್ಪಚ್ಚ ಎಂದರೆ ಹೇಳುವ ಮನುಷ್ಯ, ಕೇಳುವ ಮನುಷ್ಯ ಅಲ್ಲ. ಹಂದಿ ಬಂದರೆ ಓಡಿಸುತ್ತಾರೆ, ಪೊಲೀಸು ಬಂದರೆ ಮಾತಾಡಿಸುತ್ತಾರೆ, ಆದರೆ ಹೆಂಡತಿಯ ಎದುರು ನಿಂತು ಒಂದು ಪ್ರಶ್ನೆ ಕೇಳಲು ಅವರ ನಾಲಿಗೆ ಏಳಲಿಲ್ಲ. ಮೊದಲು ನಮ್ಮ ಉಪ್ಪನನ್ನು ಕಳಿಸಿದರು. ಉಪ್ಪ ಗಲ್ಫಿನ ಖರ್ಜೂರದ ಡಬ್ಬಿ ಹಿಡಿದುಕೊಂಡು ಹೋಗಿ, ಚಹಾ ಕುಡಿದು, ಗಂಟಲು ಸರಿಮಾಡಿಕೊಂಡು, ಔಸೇಪ್ ಚೇಟ್ಟ ಕೇಳಲು ಹೇಳಿದ್ದಾರೆ, ನಿಮಗೆ ಒಪ್ಪಿಗೆ ಉಂಟಲ್ಲ ಎಂದು ಕೇಳಿದರು. "ಮದುವೆ ಆಗುದು ನಿಮ್ಮನ್ನಾ?" ಎಂದು ಅಮ್ಮಚ್ಚಿ ತಣ್ಣಗೆ ಕೇಳಿದರು. ಉಪ್ಪ ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದುಬಿಟ್ಟರು.

ಆಮೇಲೆ ಅರಂತೋಡಿನಲ್ಲಿರುವ ಮಗಳು ಜಿನ್ಸಿಯಿಂದ ವೀಡಿಯೊ ಕಾಲ್ ಮಾಡಿಸಿದರು. ಅದು ಅಮ್ಮ ಮಗಳ ಬೇರೆ ಹರಟೆಯಲ್ಲಿ ಮುಗಿಯಿತು, ಕೊನೆಗೆ ಜಿನ್ಸಿಯೇ ಅಮ್ಮನ ಪಕ್ಷ ಸೇರಿದಳು. ಅಪ್ಪಚ್ಚ ಸುಳ್ಯಕ್ಕೆ ಹೋಗಿ ಒಂದು ರೇಷ್ಮೆ ಸೀರೆ ತಂದು ಮಾತಿಲ್ಲದೆ ಮೇಜಿನ ಮೇಲೆ ಇಟ್ಟರು. ಅಮ್ಮಚ್ಚಿ ಅದನ್ನು ಉಟ್ಟು ಭಾನುವಾರದ ಪೂಜೆಗೆ ಹೋಗಿ, ನಾಲ್ಕು ಜನರಿಂದ ಚಂದ ಉಂಟು ಅನ್ನಿಸಿಕೊಂಡು, ಬಂದು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಅರ್ಜಿ ಬರೆದು ಕೊಟ್ಟರೆ ಆಗುತ್ತದೋ ಎಂದು ಅಪ್ಪಚ್ಚ ನನಗೆ ಫೋನು ಮಾಡಿದರು. ಕಾನೂನಿನಲ್ಲಿ ಆಗಬಹುದು, ಅಮ್ಮಚ್ಚಿಯಲ್ಲಿ ಆಗಲಿಕ್ಕಿಲ್ಲ ಎಂದೆ. ಒಂದು ಬೆಳಿಗ್ಗೆ ಮರದ ಹಾಲು ಇಳಿಸುವ ಟ್ಯಾಪಿಂಗಿನವರು ತೋಟಕ್ಕೆ ಹೋದರೆ ಅಪ್ಪಚ್ಚ ಒಂದು ರಬ್ಬರ್ ಮರದ ಎದುರು ನಿಂತು, ಒಪ್ಪಿಗೆ ಉಂಟಾ ಎಂದು ವಿನಯವಾಗಿ ವಿಚಾರಿಸುತ್ತಿದ್ದರಂತೆ. ಟ್ಯಾಪಿಂಗಿನವರು ಅದನ್ನು ಹೋಟೆಲಿನಲ್ಲಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ನೆಲ್ಯಾಡಿಯ ತನಕ ಆ ಮರಕ್ಕೆ ಹೆಸರು ಬಂದಿತ್ತು.

ಈ ತಕರಾರಿನ ಕಾಯಿಲೆ ಅಂಟುವಂಥದ್ದು ಎಂದು ಗಂಡಸರಿಗೆ ಗೊತ್ತಾದದ್ದು ಆಮೇಲೆ. ಒಂದು ರಾತ್ರಿ ಊಟಕ್ಕೆ ಕುಳಿತಾಗ ನನ್ನ ಉಮ್ಮ ಸುಹರಾ ಬಡಿಸುತ್ತಿದ್ದ ಸೌಟನ್ನು ತಡೆದು, ಅಲ್ಲ, ನಿಮ್ಮ ಮನೆಯವರು ನನ್ನನ್ನು ನೋಡಲು ಬಂದಾಗ ನೀವು ಯಾರಲ್ಲಿ ಕೇಳಿದಿರಿ ಎಂದರು. ನಿನ್ನ ಉಪ್ಪನಲ್ಲಿ ಕೇಳಿದೆವಲ್ಲ ಎಂದರು ನಮ್ಮ ಉಪ್ಪ. ಹಾಗಾದರೆ ಸಾರನ್ನೂ ಅವರಲ್ಲೇ ಕೇಳಿ ಎಂದು ಉಮ್ಮ ಸೌಟು ಒಳಗಿಟ್ಟರು. ಉಮ್ಮನ ಉಪ್ಪ, ನನ್ನ ಅಜ್ಜ, ತೀರಿಕೊಂಡು ಎಷ್ಟೋ ವರ್ಷವಾಯಿತು. ನಿಕಾಹಿನ ದಿನ ನಿನ್ನ ಮಾತನ್ನೂ ಕೇಳಿದ್ದರಲ್ಲ, ನಮ್ಮಲ್ಲಿ ಅದು ಕಡ್ಡಾಯ ಎಂದು ಉಪ್ಪ ಬಡಪಾಯಿಯಂತೆ ವಾದಿಸಿದರು. ಕೇಳಿದ್ದು ಹೌದು, ಬಿರಿಯಾನಿ ಇಳಿಸಿ ಆದ ಮೇಲೆ ಕೇಳಿದ್ದು ಎಂದು ಉಮ್ಮ ಒಳಗಿನಿಂದ ಉತ್ತರ ಕೊಟ್ಟರು. ಉಪ್ಪ ಆ ರಾತ್ರಿ ತಾವೇ ಮೊಟ್ಟೆ ಒಡೆದು ಆಮ್ಲೆಟ್ ಮಾಡಿಕೊಂಡರು. ಮೊಟ್ಟೆಯ ಸಿಪ್ಪೆ ಹಲ್ಲಿಗೆ ಸಿಕ್ಕಿದರೂ ಚಂದ ಆಗಿದೆ ಎಂದರು.

ಕಡಬದ ಮೀನು ಮಾರ್ಕೆಟಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸ್ವಸಹಾಯ ಸಂಘದ ಮೀಟಿಂಗಿನಲ್ಲಿ ಹೆಂಗಸರು ಒಬ್ಬರನ್ನೊಬ್ಬರು ಕೇಳುವುದು ಅದನ್ನೇ. ನಿಮ್ಮನ್ನು ಕೇಳಿದ್ದರಾ? ಬೋಜಣ್ಣನ ಹೆಂಡತಿಯಂತೂ, ಮಂಡಲದ ಕಾರ್ಯದರ್ಶಿ ಆಗುವ ಮೊದಲು ಮನೆಯಲ್ಲಿ ಕೇಳಿದ್ದೀರಾ ಎಂದು ಗಂಡನಿಂದ ಕೀಲಿಕೈ ಕಿತ್ತುಕೊಂಡರಂತೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಜಗಳ ಶುರುವಾಯಿತು. ಆ ಕಾಯ್ದೆಯಲ್ಲಿ ಎಂತ ಉಂಟು ಹೇಳಿ ವಕೀಲಮ್ಮ ಎಂದು ಹೆಂಗಸರು ಒತ್ತಿಕೊಂಡು ಕೂರುತ್ತಿದ್ದರು. ನಾನು ಸಂವಿಧಾನದ ಮೊದಲ ಪುಟದಿಂದ ಶುರು ಮಾಡಿ ಪುತ್ತೂರು ಬರುವ ತನಕ ನಿಲ್ಲಿಸುತ್ತಿರಲಿಲ್ಲ. ಜೀವಮಾನದಲ್ಲಿ ಅಷ್ಟು ಸುಖ ನಾನು ಪಟ್ಟಿದ್ದಿಲ್ಲ.

ಸುಖದ ಮಧ್ಯೆ ಒಂದು ಸಂಜೆ ಅಪ್ಪಚ್ಚ ಪುತ್ತೂರಿನ ಆಫೀಸಿಗೇ ಬಂದರು. ಉಪ್ಪನ ಅತ್ತರು ಬಳಿದುಕೊಂಡಿದ್ದರು, ಮೆಟ್ಟಿಲು ಹತ್ತುವ ಮೊದಲೇ ವಾಸನೆ ಬಂತು. ಅವಳು ಇಲ್ಲ ಅಂದರೆ ಕಾನೂನಿನಲ್ಲಿ ಏನಾಗುತ್ತದೆ ಎಂದು ಕೇಳಿದರು. ಏನೂ ಆಗುವುದಿಲ್ಲ, ಇಗರ್ಜಿಯ ಮದುವೆ ಇದ್ದೇ ಇರುತ್ತದೆ, ಅವರ ಮಾತು ಕಾಯ್ದೆ ಹೇಳುವ ಕಾರಣಗಳಲ್ಲಿ ಬರುವುದಿಲ್ಲವಾದ್ದರಿಂದ ಅಧಿಕಾರಿ ತಕರಾರನ್ನೇ ತಳ್ಳಿಹಾಕಿ ಸೀಲು ಒತ್ತಬಹುದು, ಶಾಲು ಸಿಗುತ್ತದೆ ಎಂದೆ.

"ಹಾಂ. ಕಾನೂನಲ್ಲಿ ಎಂತದೂ ಆಗುದಿಲ್ಲ" ಎಂದು ಅವರು ಮೆಲ್ಲಗೆ ಹೇಳಿ, ಟೊಪ್ಪಿ ಹಾಕಿಕೊಂಡು ಇಳಿದುಹೋದರು. ಅವರ ಮುಖ ನೋಡಿ ನನಗೆ ಅಳು ಬಂತು. ಕಾಯ್ದೆಗಳ ಮೇಲೆ ನನಗೆ ಸಿಟ್ಟು ಬಂದದ್ದು ಅದೊಂದೇ ದಿನ.

ನೋಟಿಸಿನ ತಿಂಗಳು ಮುಗಿಯಿತು. ತಕರಾರಿನ ವಿಚಾರಣೆ ರಾಜ್ಯೋತ್ಸವದ ಮುನ್ನಾದಿನಕ್ಕೆ ಬಿತ್ತು. ಜೀಪಿನಲ್ಲಿ ಮುಂದೆ ಅಪ್ಪಚ್ಚ, ಹಿಂದೆ ಅಮ್ಮಚ್ಚಿ, ಉಮ್ಮ, ಸಾಕ್ಷಿಯಾಗಿ ಉಪ್ಪ. ಪೇಟದ ಅಳತೆ ತೆಗೆದುಕೊಂಡ ಬೋಜಣ್ಣ ಬೇರೆ, ಸೀಲು ಬಿದ್ದ ಕೂಡಲೇ ಹೆಸರು ಕೂಗಲು ಬರೆದುಕೊಳ್ಳಬೇಕೆಂದು ಬೈಕಿನಲ್ಲಿ ಹಿಂದೆಯೇ ಬಂದಿದ್ದರು. ದಾರಿಯುದ್ದಕ್ಕೂ ಕೆಂಪು ಹಳದಿ ಬಾವುಟ ಕಟ್ಟುತ್ತಿದ್ದರು.

ಅಧಿಕಾರಿ ಎಲ್ಲರನ್ನೂ ಕೂರಿಸಿ ನೀರು ಕೊಡಿಸಿದರು. ಅಮ್ಮಚ್ಚಿಯ ಕಾಗದವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, ಅಮ್ಮಾರ, ನಿಮ್ಮ ಮಾತು ನನ್ನ ಮನಸ್ಸಿಗೆ ಮುಟ್ಟೇದ, ಆದರ ಕಾಯ್ದೆದಾಗ ಇದು ತಕರಾರೇ ಅಲ್ಲ, ಅರ್ಜಿಗೆ ನೀವೇ ಸಹಿ ಮಾಡೀರಿ, ನಾ ಇದನ್ನ ತೆಗದ್ಹಾಕಿ ಸರ್ಟಿಫಿಕೇಟ್ ಕೊಡತೀನಿ ಎಂದು ಬಹಳ ಮೃದುವಾಗಿ ವಿವರಿಸಿ ಸೀಲಿನ ಪೆಟ್ಟಿಗೆ ಹತ್ತಿರ ಎಳೆದುಕೊಂಡರು. ಬೋಜಣ್ಣ ಪೆನ್ನು ತೆಗೆದರು. ಅಮ್ಮಚ್ಚಿ ಮಡಿಲಲ್ಲಿದ್ದ ಕೈ ನೋಡುತ್ತಾ ಕುಳಿತರು. ನಾನು ವಕೀಲಳು, ನನಗೆ ಬೇಕಾದದ್ದೂ ಆ ಸೀಲೇ, ಆದರೂ ಎದ್ದು ಏನಾದರೂ ಹೇಳಬೇಕೆಂದು ಚಡಪಡಿಸಿದೆ. ಹೇಳಲು ಯಾವ ಸೆಕ್ಷನ್ನೂ ನೆನಪಿಗೆ ಬರಲಿಲ್ಲ.

"ಬೇಡ ಸಾರ್. ಅದನ್ನು ತೆಗಿಬೇಡಿ" ಎಂದರು ಅಪ್ಪಚ್ಚ.

ಅವರು ಎದ್ದು ನಿಂತಿದ್ದರು. ತಕರಾರು ಇದ್ದರೆ ಇವತ್ತು ಸರ್ಟಿಫಿಕೇಟ್ ಆಗಂಗಿಲ್ಲರಿ ಯಜಮಾನರ ಎಂದು ಅಧಿಕಾರಿ ಎಚ್ಚರಿಸಿದರು. ನಾಳೆಯೇ ಕಾರ್ಯಕ್ರಮ ಅಲ್ವಾ ಮಾರಾಯ್ರೆ ಎಂದು ಬೋಜಣ್ಣ ಗೊಣಗಿದರು. ಅಪ್ಪಚ್ಚ ಇಬ್ಬರನ್ನೂ ನೋಡಲಿಲ್ಲ. ಕುರ್ಚಿ ಸರಿಸಿ, ಅಮ್ಮಚ್ಚಿಯ ಎದುರು ಬಂದು ನಿಂತರು. ಎಡೀ, ಎಂದರೆ ಏ ಇವಳೇ, ಎಂದಲ್ಲದೆ ಅವರು ಹೆಂಡತಿಯನ್ನು ಬೇರೆ ರೀತಿ ಕರೆದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ.

"ಆಲೀಸ್," ಎಂದರು. "ನಿಂಗೆ ನರ್ಸಿಂಗಿಗೆ ಸೀಟು ಸಿಕ್ಕಿದ್ದು ನಂಗೆ ಆಗಲೇ ಗೊತ್ತಿತ್ತು. ನಿನ್ನ ತಮ್ಮ ಹೇಳಿದ್ದ. ಕೇಳಿದ್ರೆ ನೀನು ಇಲ್ಲ ಅಂತಿ ಅಂತ ಹೆದರಿಕೆ. ಅದಕ್ಕೇ ಕೇಳ್ಲಿಲ್ಲ. ಆಮೇಲೆ ಯಾವುದನ್ನೂ ಕೇಳ್ಲಿಲ್ಲ. ಒಂದು ಕೇಳಿದ್ರೆ ಆ ಪ್ರಶ್ನೆಯೂ ಬಾಯಿಗೆ ಬಂದೀತು ಅಂತ."

ಉಮ್ಮ ನನ್ನ ಕೈ ಹಿಡಿದುಕೊಂಡರು.

"ಈಗ ಕೇಳ್ತೇನೆ. ನಿಂಗೆ ಒಪ್ಪಿಗೆ ಉಂಟಾ? ಇಲ್ಲ ಅಂದ್ರೂ ಆಯ್ತು. ಜೀಪಲ್ಲಿ ಒಟ್ಟಿಗೇ ಹೋಗುವ."

ಅಮ್ಮಚ್ಚಿ ತಲೆ ಎತ್ತಿ ಗಂಡನನ್ನು ನೋಡಿದರು. ಅಪ್ಪಚ್ಚನ ಅತ್ತರಿನ ಮೇಲೆ ಬೆವರು ಇಳಿಯುತ್ತಿತ್ತು. ಬೋಜಣ್ಣ ಪೆನ್ನಿಗೆ ಮುಚ್ಚಳ ಹಾಕಿ ಕಿಸೆಯಲ್ಲಿಟ್ಟರು. ಆಮೇಲೆ ಅಮ್ಮಚ್ಚಿಯ ಮುಖದಲ್ಲಿ ಒಂದು ನಗು ಶುರುವಾಯಿತು. ತನ್ನ ಬಾಯಲ್ಲಿ ಬಂದು ನಿಂತದ್ದನ್ನು ತಾನೇ ಮೊದಲು ಕೇಳಿಸಿಕೊಂಡು ಆಶ್ಚರ್ಯಪಟ್ಟಂತಿತ್ತು ಅದು. ಅವರು ಅಧಿಕಾರಿಯ ಕಡೆಗೆ ತಿರುಗಿದರು.

"ಆಗಿನದ್ದು ಇಲ್ಲ. ಈಗಿನದ್ದು ಹೌದು. ಎರಡೂ ಬರೀರಿ ಸಾರ್."

ಅಧಿಕಾರಿ ಕಣ್ಣೊರೆಸಿಕೊಂಡರೋ ಕನ್ನಡಕ ಒರೆಸಿಕೊಂಡರೋ ಗೊತ್ತಾಗಲಿಲ್ಲ. ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡಕ್ಕೂ ಇದರಾಗ ಜಾಗ ಇಲ್ಲರಿ ಅಮ್ಮಾರ, ಒಂದಽ ಬರಿಯಾಕ ಬರತೈತಿ ಎಂದರು.

"ಹಾಗಾದ್ರೆ ದೊಡ್ಡ ಕಾಗದ ತರಿಸಿ. ನಾವು ಕಾಯ್ತೇವೆ" ಎಂದರು ಅಮ್ಮಚ್ಚಿ.

ಅಪ್ಪಚ್ಚ ಅವರ ಪಕ್ಕದ ಕುರ್ಚಿಯ ಹತ್ತಿರ ಹೋಗಿ, ಇಲ್ಲಿ ಕೂತುಕೊಳ್ಳಬಹುದಾ ಎಂದು ಕೇಳಿದರು.